ಮೂರು ಜಗಳಗಳ ನಡುವೆ ಒಂದು ಸಿನಿಮಾ: ‘ಲಾ ವೀ ದಾದೆಲ್’ ಮತ್ತು ಅದರ ವಿಮರ್ಶಕರು

2013ರ ಮೇ 26, ಭಾನುವಾರ. ಪ್ಯಾರಿಸ್ಸಿನಲ್ಲಿ ಸಲಿಂಗ ವಿವಾಹದ ಕಾನೂನನ್ನು ವಿರೋಧಿಸಿ ಜನ ಬೀದಿಗಿಳಿದಿದ್ದರು. ಪೊಲೀಸರ ಲೆಕ್ಕದಲ್ಲೇ ಒಂದೂವರೆ ಲಕ್ಷ ಮಂದಿ. ಕಾನೂನು ಜಾರಿಗೆ ಬಂದು ಆಗಲೇ ಒಂದು ವಾರ ಕಳೆದಿತ್ತು. ಅದೇ ಸಂಜೆ ದಕ್ಷಿಣದ ಕಾನ್ ಚಿತ್ರೋತ್ಸವದಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅಧ್ಯಕ್ಷತೆಯ ತೀರ್ಪುಗಾರರ ಮಂಡಳಿ, ಇಬ್ಬರು ಹುಡುಗಿಯರ ಪ್ರೇಮದ ಕಥೆಗೆ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಘೋಷಿಸಿತು. ಚಿತ್ರದ ಹೆಸರು ‘ಲಾ ವೀ ದಾದೆಲ್’, ಅಂದರೆ ಅದೆಲ್‌ಳ ಬದುಕು. ಹೊರದೇಶಗಳಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ‘ಬ್ಲೂ ಇಸ್ ದ ವಾರ್ಮೆಸ್ಟ್ ಕಲರ್’ ಎಂಬ ಹೆಸರಿನಲ್ಲಿ. ನಿರ್ದೇಶಕ ಅಬ್ದೆಲ್ಲತೀಫ್ ಕೆಶೀಶ್.

ಈ ಉಪನ್ಯಾಸ ಆ ಚಿತ್ರಕ್ಕೆ ಸಿಕ್ಕ ವಿಮರ್ಶೆಯ ಬಗ್ಗೆ. ಹತ್ತು ವರ್ಷಕ್ಕೂ ಮಿಕ್ಕಿ ಅದರ ಬಗ್ಗೆ ಬರೆದದ್ದನ್ನೆಲ್ಲ ಗುಡ್ಡೆ ಹಾಕಿದರೆ ಕೆಳಗೆ ಮೂರು ಬೇರೆ ಬೇರೆ ಜಗಳಗಳು ಸಿಗುತ್ತವೆ. ಒಂದು, ಇಬ್ಬರು ಹೆಂಗಸರ ಪ್ರೇಮವನ್ನು ಗಂಡಸೊಬ್ಬ ಯಾವ ಕಣ್ಣಿನಿಂದ ತೋರಿಸಿದ ಎಂಬುದು. ಇನ್ನೊಂದು, ಚಿತ್ರೀಕರಣದಲ್ಲಿ ದುಡಿದವರನ್ನು ಹೇಗೆ ನಡೆಸಿಕೊಂಡರು ಎಂಬುದು. ಮೂರನೆಯದು, ಯಾವ ವಯಸ್ಸಿನವರು ಇದನ್ನು ನೋಡಬಹುದು ಎಂಬ ಕಾನೂನಿನ ಜಗಳ. ಮೂರೂ ಗಂಭೀರ ಪ್ರಶ್ನೆಗಳೇ. ಆದರೆ ಮೂರನ್ನೂ ಒಂದೇ ಉಸಿರಿನಲ್ಲಿ ಆಡಿದ್ದರಿಂದ ಒಂದಕ್ಕೂ ಸರಿಯಾದ ಉತ್ತರ ಸಿಗಲಿಲ್ಲ, ಮತ್ತು ಚಿತ್ರದ ಜೀವಾಳವಾದ ಸಾಮಾಜಿಕ ವರ್ಗದ ಪ್ರಶ್ನೆ ಪಕ್ಕಕ್ಕೆ ಸರಿಯಿತು. ನನ್ನ ವಾದ ಇಷ್ಟು.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಉತ್ತರ ಫ್ರಾನ್ಸಿನ ಲೀಲ್ ನಗರ. ಅದೆಲ್ ಹೈಸ್ಕೂಲಿನ ಹುಡುಗಿ, ಸಾಹಿತ್ಯ ಇಷ್ಟ, ಹಸಿವು ಜಾಸ್ತಿ. ಜೊತೆಯ ಹುಡುಗನೊಬ್ಬನ ಸಂಗ ಮಾಡಿ ನೋಡುತ್ತಾಳೆ, ಮನಸ್ಸು ಒಗ್ಗುವುದಿಲ್ಲ. ರಸ್ತೆ ದಾಟುವಾಗ ಎದುರಾದ ನೀಲಿ ಕೂದಲಿನ ಎಮ್ಮಾ ತಲೆಯಲ್ಲಿ ಉಳಿದುಬಿಡುತ್ತಾಳೆ. ಎಮ್ಮಾ ಲಲಿತಕಲೆಯ ವಿದ್ಯಾರ್ಥಿನಿ, ವಯಸ್ಸಿನಲ್ಲಿ ದೊಡ್ಡವಳು. ಇಬ್ಬರೂ ಹತ್ತಿರವಾಗುತ್ತಾರೆ, ವರ್ಷಗಳು ಕಳೆದ ಮೇಲೆ ಒಟ್ಟಿಗೆ ಬದುಕುತ್ತಾರೆ, ಅದೆಲ್ ಪುಟ್ಟ ಮಕ್ಕಳ ಟೀಚರ್ ಆಗುತ್ತಾಳೆ, ಎಮ್ಮಾ ಚಿತ್ರಕಲಾವಿದೆಯಾಗಿ ಹೆಸರು ಮಾಡುತ್ತಾಳೆ. ಆಮೇಲೆ ಮುರಿದುಬೀಳುತ್ತದೆ. ಚಿತ್ರದ ಉದ್ದ 179 ನಿಮಿಷ. ಅದೆಲ್ ಆಗಿ ಅದೆಲ್ ಎಕ್ಸಾರ್ಕೋಪುಲೋಸ್, ಎಮ್ಮಾ ಆಗಿ ಲೇಯಾ ಸೇದು.

ಮೊದಲು ಕಾನ್. ಮಂಡಳಿಯಲ್ಲಿ ಒಂಬತ್ತು ಮಂದಿ ಇದ್ದರು: ಸ್ಪೀಲ್‌ಬರ್ಗ್ ಜೊತೆಗೆ ಆಂಗ್ ಲೀ, ನಿಕೋಲ್ ಕಿಡ್ಮನ್, ಲಿನ್ ರಾಮ್ಸೆ, ನವೋಮಿ ಕವಾಸೆ, ಕ್ರಿಸ್ತಿಯನ್ ಮುಂಜಿಯು, ಡೇನಿಯಲ್ ಒತೋಯ್, ಕ್ರಿಸ್ಟೋಫ್ ವಾಲ್ಟ್ಜ್ ಮತ್ತು ನಮ್ಮ ವಿದ್ಯಾ ಬಾಲನ್. ಪಾಮ್ ದೋರ್ ಗೆದ್ದ ಚಿತ್ರಕ್ಕೆ ನಟನೆಯ ಪ್ರಶಸ್ತಿಯನ್ನೂ ಕೊಡುವುದಕ್ಕೆ ಅಲ್ಲಿನ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಇಬ್ಬರು ನಟಿಯರನ್ನೂ ಬಿಟ್ಟುಕೊಡಲು ಮನಸ್ಸಿಲ್ಲದ ಮಂಡಳಿ ಬೇರೆ ದಾರಿ ಹುಡುಕಿತು. ಪಾಮ್ ದೋರನ್ನೇ ಮೂವರ ಹೆಸರಿನಲ್ಲಿ, ಅಂದರೆ ನಿರ್ದೇಶಕ ಮತ್ತು ಇಬ್ಬರು ನಟಿಯರ ಹೆಸರಿನಲ್ಲಿ ಘೋಷಿಸಿತು. ನಟಿಯರಿಗೆ ಆ ಪ್ರಶಸ್ತಿ ಹಾಗೆ ಸಿಕ್ಕಿದ್ದು ಅದೇ ಮೊದಲು. ಶ್ರೇಷ್ಠ ನಟಿ ಪ್ರಶಸ್ತಿ ಅಸ್ಗರ್ ಫರ್ಹಾದಿಯವರ ಚಿತ್ರದಲ್ಲಿ ನಟಿಸಿದ್ದ ಬೆರೆನೀಸ್ ಬೆಜೋ ಪಾಲಾಯಿತು. ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟವಾದ ಫಿಪ್ರೆಸ್ಕಿ ಕೂಡ ಇದೇ ಚಿತ್ರವನ್ನು ಆರಿಸಿತು.

ಮೂರು ಹೆಸರಿನ ಈ ಘೋಷಣೆಯನ್ನು ಬಹಳ ಜನ ಬರೀ ಔದಾರ್ಯ ಅಂತ ಓದಿದರು. ನನಗೆ ಅದು ಆ ಚಿತ್ರದ ಬಗೆಗಿನ ಮೊದಲ ವಿಮರ್ಶೆ. ಈ ಕೃತಿಯ ಕರ್ತೃ ಯಾರು ಎಂಬ ಪ್ರಶ್ನೆಗೆ ಮಂಡಳಿ ಕೊಟ್ಟ ಉತ್ತರ ಅದು. ಕ್ಯಾಮೆರಾ ಮೂರು ಗಂಟೆ ಒಬ್ಬಳ ಮುಖದ ಹತ್ತಿರವೇ ಇರುವಾಗ, ಆ ಮುಖದ ಕೆಲಸ ನಿರ್ದೇಶನದ ಕೆಲಸದಷ್ಟೇ ದೊಡ್ಡದು ಅಂತ ಅವರು ಹೇಳಿದ ಹಾಗಾಯಿತು. ಮುಂದೆ ಎದ್ದ ಜಗಳಗಳಲ್ಲಿ ಈ ಮಾತಿನ ತೂಕ ಹೆಚ್ಚುತ್ತಲೇ ಹೋಯಿತು.

ಕಾನ್‌ನಿಂದ ಬಂದ ಮೊದಲ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಇದು ಸಲಿಂಗಿಗಳ ಕಥೆ ಅನ್ನುವುದಕ್ಕಿಂತ ಎಲ್ಲರ ಪ್ರೇಮಕಥೆ, ಸಾರ್ವತ್ರಿಕ ಕಥೆ. ಮೆಚ್ಚಿಯೇ ಹೇಳಿದ ಮಾತು. ಆದರೂ ಈ ಚಿತ್ರದ ವಿಮರ್ಶೆ ದಾರಿ ತಪ್ಪಿದ್ದು ಇಲ್ಲಿಂದಲೇ ಅಂತ ನನ್ನ ಅಭಿಪ್ರಾಯ. ಗೆಳತಿಯರು ಶಾಲೆಯ ಅಂಗಳದಲ್ಲಿ ಅದೆಲ್‌ಳನ್ನು ಸುತ್ತುವರಿದು, ‘ನೀನು ಅಂಥವಳಾ, ಹೇಳು’ ಅಂತ ಪೀಡಿಸುವ ದೃಶ್ಯವಿದೆ. ಅವಳು ಇಲ್ಲ, ಇಲ್ಲ ಅನ್ನುತ್ತಾಳೆ, ಮೈಮೇಲೆ ಎರಗಿಹೋಗುತ್ತಾಳೆ. ಗಂಡು ಹೆಣ್ಣಿನ ಕಥೆಯಲ್ಲಿ ಈ ದೃಶ್ಯಕ್ಕೆ ಜಾಗವೇ ಇಲ್ಲ. ಎಮ್ಮಾ ಅವಳ ಮನೆಗೆ ಊಟಕ್ಕೆ ಬಂದಾಗ ತಂದೆತಾಯಿಗೆ ತತ್ತ್ವಶಾಸ್ತ್ರದ ಪಾಠಕ್ಕೆ ನೆರವಾಗುವ ಗೆಳತಿ ಅಂತಲೇ ಪರಿಚಯ. ಆ ಸುಳ್ಳಿಗೆ ಇಬ್ಬರೂ ಮೊದಲೇ ಸಿದ್ಧರಾಗಿ ಬಂದಿರುತ್ತಾರೆ. ಟೀಚರ್ ಆದ ಮೇಲೂ ಅದೆಲ್ ಸಹೋದ್ಯೋಗಿಗಳಿಂದ ತನ್ನ ಬದುಕನ್ನು ಮುಚ್ಚಿಡುತ್ತಾಳೆ. ಇವನ್ನೆಲ್ಲ ಅಳಿಸಿ ಸಾರ್ವತ್ರಿಕ ಅಂದರೆ ಪರದೆಯ ಮೇಲಿದ್ದುದರಲ್ಲಿ ಅರ್ಧವನ್ನು ನೋಡದೆ ಹೊಗಳಿದ ಹಾಗೆ.

ಮಾರನೆಯ ದಿನವೇ, ಮೇ 27ಕ್ಕೆ, ಇನ್ನೊಂದು ದನಿ ಕೇಳಿಬಂತು. ಚಿತ್ರಕ್ಕೆ ಮೂಲವಾದ ಗ್ರಾಫಿಕ್ ಕಾದಂಬರಿಯನ್ನು ಬರೆದು ಚಿತ್ರಿಸಿದವರು ಜೂಲಿ ಮಾರೋ. ಈಗ ಜ್ಯೂಲ್ ಮಾರೋ ಎಂಬ ಹೆಸರಿನಲ್ಲಿ ಬರೆಯುತ್ತಾರೆ. 2010ರಲ್ಲಿ ಗ್ಲೆನಾ ಪ್ರಕಾಶನದಿಂದ ಬಂದ ಆ ಪುಸ್ತಕ ಮರುವರ್ಷ ಅಂಗುಲೆಮ್ ಕಾಮಿಕ್ಸ್ ಉತ್ಸವದಲ್ಲಿ ಓದುಗರ ಪ್ರಶಸ್ತಿ ಪಡೆದಿತ್ತು. ಮಾರೋ ತಮ್ಮ ತಾಣದಲ್ಲಿ ಬರೆದ ಟಿಪ್ಪಣಿಯನ್ನು ಪತ್ರಿಕೆಗಳು ‘ಮೂಲ ಲೇಖಕಿಯಿಂದ ಚಿತ್ರದ ಖಂಡನೆ’ ಎಂಬ ಧಾಟಿಯಲ್ಲಿ ಹಬ್ಬಿಸಿದವು. ಟಿಪ್ಪಣಿ ಪೂರ್ತಿ ಓದಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಮಾರೋ ಕೆಶೀಶರ ಕಲೆಗಾರಿಕೆಯನ್ನು ಮನಬಿಚ್ಚಿ ಹೊಗಳಿದ್ದರು. ಪುಸ್ತಕ ತನ್ನದು, ಸಿನಿಮಾ ಅವರದು, ಅದಕ್ಕೆ ಅದರದೇ ಸ್ವಾತಂತ್ರ್ಯವಿದೆ ಅಂದಿದ್ದರು. ಖಂಡಿಸಿದ್ದು ಒಂದು ಭಾಗವನ್ನು: ಪ್ರಣಯದ ದೃಶ್ಯಗಳು ತಣ್ಣಗಿವೆ, ಪ್ರದರ್ಶನಕ್ಕೆ ಇಟ್ಟ ಹಾಗಿವೆ, ಆ ಸೆಟ್‌ನಲ್ಲಿ ಲೆಸ್ಬಿಯನ್ ಹೆಂಗಸರೇ ಇರಲಿಲ್ಲವೇನೋ ಅನ್ನಿಸುತ್ತದೆ ಅಂತ. ಚಿತ್ರಮಂದಿರದಲ್ಲಿ ಆ ಹೊತ್ತಿಗೆ ಕೆಲವರು ನಕ್ಕದ್ದನ್ನೂ ಗಮನಿಸಿ, ಬೇರೆ ಬೇರೆ ಪ್ರೇಕ್ಷಕರು ಯಾಕೆ ನಗುತ್ತಾರೆ ಎಂಬುದನ್ನು ಬಿಡಿಸಿ ಬರೆದರು. ಅದು ಹದವಾದ ವಿಮರ್ಶೆ. ಪತ್ರಿಕೆಗಳಿಗೆ ಬೇಕಾದದ್ದು ಒಂದೇ ವಾಕ್ಯ, ಅದನ್ನಷ್ಟೇ ಎತ್ತಿಕೊಂಡವು.

ಪುಸ್ತಕಕ್ಕೂ ಚಿತ್ರಕ್ಕೂ ಇರುವ ಅಂತರ ತಿಳಿದರೆ ಈ ಜಗಳದ ಬೇರು ಕಾಣುತ್ತದೆ. ಪುಸ್ತಕದ ನಾಯಕಿಯ ಹೆಸರು ಕ್ಲೆಮೆಂತೀನ್. ಕಥೆ ಶುರುವಾಗುವಾಗಲೇ ಅವಳು ಸತ್ತಿರುತ್ತಾಳೆ; ಎಮ್ಮಾ ಅವಳ ದಿನಚರಿ ಓದುತ್ತಾಳೆ, ನಾವು ಆ ಬರಹದ ಮೂಲಕ ಒಳಗೆ ಹೋಗುತ್ತೇವೆ. ಅಂದರೆ ಹುಡುಗಿಯೇ ತನ್ನ ಕಥೆ ಹೇಳುತ್ತಾಳೆ. ಕೆಶೀಶ್ ಮತ್ತು ಅವರ ಸಹಲೇಖಕಿ ಗಾಲಿಯಾ ಲಾಕ್ರುವಾ ದಿನಚರಿಯನ್ನೂ ಸಾವನ್ನೂ ತೆಗೆದುಹಾಕಿ, ನಾಯಕಿಗೆ ನಟಿಯದೇ ಹೆಸರಿಟ್ಟರು. ಸಾವನ್ನು ತೆಗೆದದ್ದು ಒಳ್ಳೆಯದೇ ಆಯಿತು. ಸಲಿಂಗ ಪ್ರೇಮದ ಕಥೆಗಳು ಹೆಣದೊಂದಿಗೆ ಮುಗಿಯುವ ಹಳೆಯ ಚಾಳಿಯಿಂದ ಚಿತ್ರ ಪಾರಾಯಿತು. ಆದರೆ ದಿನಚರಿಯ ಜೊತೆ ‘ನಾನು’ ಅನ್ನುವ ದನಿಯೂ ಹೋಯಿತು. ಹೇಳುವವಳ ಜಾಗಕ್ಕೆ ನೋಡುವವನು ಬಂದ. ಆ ನೋಟದ ಬಗ್ಗೆ ಪ್ರಶ್ನೆ ಎದ್ದೇ ಏಳುತ್ತಿತ್ತು.

ಆ ಪ್ರಶ್ನೆ ಎತ್ತಿದವರಲ್ಲಿ ಹೆಚ್ಚು ಹೆಸರಾದದ್ದು ನ್ಯೂಯಾರ್ಕ್ ಟೈಮ್ಸ್ ವಿಮರ್ಶಕಿ ಮನೋಲಾ ಡಾರ್ಗಿಸ್. ಚಿತ್ರದಲ್ಲಿ ಕಾಣುವ ಬಯಕೆ ಆ ಹುಡುಗಿಯದಕ್ಕಿಂತ ನಿರ್ದೇಶಕರದು ಎಂಬ ಅರ್ಥದಲ್ಲಿ ಕಾನ್‌ನಿಂದಲೇ ಬರೆದರು. ಅಕ್ಟೋಬರಿನಲ್ಲಿ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದಾಗ ದೀರ್ಘ ಲೇಖನದಲ್ಲಿ ಆ ವಾದವನ್ನು ಬೆಳೆಸಿದರು. ಅದೇ ಪತ್ರಿಕೆಯ ಇನ್ನೊಬ್ಬ ವಿಮರ್ಶಕ ಎ. ಒ. ಸ್ಕಾಟ್ ಚಿತ್ರವನ್ನು ಮೆಚ್ಚಿ ಬರೆದರು. ಒಂದೇ ಪತ್ರಿಕೆಯಲ್ಲಿ ಎರಡು ತೀರ್ಪು ಬಂದದ್ದು ಆರೋಗ್ಯದ ಲಕ್ಷಣ. ಆದರೆ ಡಾರ್ಗಿಸ್ ಎತ್ತಿದ ಪ್ರಶ್ನೆಗೆ ಬಂದ ಉತ್ತರಗಳು ಬಹುಪಾಲು ಸೋಮಾರಿ ಉತ್ತರಗಳು: ‘ಅಮೆರಿಕದವರ ಮಡಿವಂತಿಕೆ’, ‘ಗಂಡಸು ಹೆಂಗಸಿನ ಬಗ್ಗೆ ಸಿನಿಮಾ ಮಾಡಲೇಬಾರದೇ?’ ಅವರು ಹಾಗೆ ಕೇಳಿರಲೇ ಇಲ್ಲ. ಸಿನಿಮಾದಲ್ಲಿ ಗಂಡಿನ ನೋಟದ ಬಗ್ಗೆ 1975ರಲ್ಲಿ ಚಲನಚಿತ್ರ ಸಿದ್ಧಾಂತಿ ಲಾರಾ ಮಲ್ವಿ ಬರೆದ ಪ್ರಬಂಧದಿಂದ ಶುರುವಾದ ಚರ್ಚೆಯಲ್ಲಿ ಕೇಳುವ ಪ್ರಶ್ನೆ ನಿರ್ದೇಶಕನ ಲಿಂಗದ್ದಲ್ಲ. ಕ್ಯಾಮೆರಾ ಎಲ್ಲಿ ನಿಂತಿದೆ, ದೃಶ್ಯವನ್ನು ಹೇಗೆ ತುಂಡು ಮಾಡಿದೆ, ಅದರಿಂದ ಯಾರ ಅನುಭವ ನಮಗೆ ದಾಟುತ್ತದೆ ಅಂತ ಅದು ಕೇಳುತ್ತದೆ. ಇದಕ್ಕೆ ಪರದೆಯ ಮೇಲೇ ಉತ್ತರ ಹುಡುಕಬಹುದು.

ಹುಡುಕಿ ನೋಡೋಣ. ಚಿತ್ರದ ಬಹುಭಾಗ ಹೆಗಲ ಮೇಲಿನ ಕ್ಯಾಮೆರಾ, ಮುಖದ ಕ್ಲೋಸಪ್. ಬಾಯಿಗೆ ಅಂಟಿದ ಸಾಸ್, ಸಿಂಬಳ, ನಿದ್ದೆಯಲ್ಲಿ ತೆರೆದ ತುಟಿ, ಬಿಚ್ಚಿಹೋಗುತ್ತಲೇ ಇರುವ ಜುಟ್ಟು, ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಫ್ರೇಮಿನಲ್ಲಿ ಅಡ್ಡಾದಿಡ್ಡಿ ಚಲನೆ, ಬೆಳಕು ಆ ಜಾಗದಲ್ಲಿ ಇದ್ದ ಹಾಗೇ. ಪ್ರಣಯದ ದೃಶ್ಯಗಳು ಬಂದಾಗ ಈ ವ್ಯಾಕರಣ ಬದಲಾಗುತ್ತದೆ. ಕ್ಯಾಮೆರಾ ಹಿಂದೆ ಸರಿಯುತ್ತದೆ, ಫ್ರೇಮ್ ಅಳತೆಗೆ ಕೂರುತ್ತದೆ, ಬೆಳಕು ಎಲ್ಲ ಕಡೆ ಸಮವಾಗಿ ಬೀಳುತ್ತದೆ. ಚಿತ್ರಕಲೆ, ಶಿಲ್ಪಗಳ ಹಾಗೆ ತೆಗೆಯಬೇಕೆಂದಿದ್ದೆ, ಬೆಳಕಿಗೆ ಬಹಳ ಹೊತ್ತು ಕೊಟ್ಟೆ ಅಂತ ನಿರ್ದೇಶಕರೇ ಹೇಳಿದ್ದಾರೆ. ಇದನ್ನು ಸಮರ್ಥಿಸುವವರಿಗೆ ಒಂದು ದಾರಿ ಇದೆ: ಎಮ್ಮಾ ಚಿತ್ರಕಾರ್ತಿ, ಅದೆಲ್ ಅವಳಿಗೆ ಮಾದರಿ, ಆದ್ದರಿಂದ ಇಲ್ಲಿ ಕ್ಯಾಮೆರಾ ಎಮ್ಮಾಳ ಕಣ್ಣು. ಈ ಸಮರ್ಥನೆ ನಿಲ್ಲುವುದು ಕಷ್ಟ, ಯಾಕೆಂದರೆ ಫ್ರೇಮಿನೊಳಗೆ ಎಮ್ಮಾಳೂ ಅದೆಲ್‌ಳಷ್ಟೇ ನೋಟದ ವಸ್ತು. ಮೂರು ಗಂಟೆ ಒಬ್ಬಳ ಉಸಿರಿನ ಜೊತೆಗಿದ್ದ ಚಿತ್ರ ಆ ಹೊತ್ತಿನಲ್ಲಿ ಮಾತ್ರ ಅವಳ ಪಕ್ಕದಿಂದ ಎದ್ದು ಹೋಗುತ್ತದೆ. ಮಾರೋ, ಡಾರ್ಗಿಸ್ ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಹಿಡಿದದ್ದು ಈ ಬಿರುಕನ್ನೇ ಅಂತ ನನಗೆ ಕಾಣುತ್ತದೆ. ಇದು ನೀತಿಯ ತಕರಾರಿಗಿಂತ ಮೊದಲು ಕಸುಬಿನ ತಕರಾರು.

ಹಾಗಂತ ಲೆಸ್ಬಿಯನ್ ವಿಮರ್ಶಕರೆಲ್ಲ ಒಂದು ಕಡೆ, ಉಳಿದವರು ಇನ್ನೊಂದು ಕಡೆ ಅಂತ ಗೆರೆ ಎಳೆಯುವ ಹಾಗಿಲ್ಲ. ಸಲಿಂಗಿಗಳ ಬದುಕಿನ ಸಿನಿಮಾಗಳ ಹೊಸ ಅಲೆಗೆ ‘ನ್ಯೂ ಕ್ವಿಯರ್ ಸಿನಿಮಾ’ ಎಂಬ ಹೆಸರನ್ನು 1992ರಲ್ಲಿ ಚಾಲ್ತಿಗೆ ತಂದ ವಿಮರ್ಶಕಿ ಬಿ. ರೂಬಿ ರಿಚ್ ಈ ಚಿತ್ರದ ಕ್ರೈಟೀರಿಯನ್ ಕಂಪನಿಯ ಡಿಸ್ಕಿಗೆ ಪ್ರಬಂಧ ಬರೆದುಕೊಟ್ಟರು, ಮತ್ತು ಒಲವಿನಿಂದಲೇ ಬರೆದರು. ‘ಸಮುದಾಯ ಚಿತ್ರವನ್ನು ತಿರಸ್ಕರಿಸಿತು’ ಎಂಬ ಒಂದು ಸಾಲಿನ ಇತಿಹಾಸ ಎಲ್ಲಾದರೂ ಕಂಡರೆ ನಂಬಬೇಡಿ.

ಇನ್ನು ಅಳತೆಯ ಮಾತು. ಅತಿ ಹೆಚ್ಚು ಚರ್ಚೆಯಾದ ದೃಶ್ಯದ ಉದ್ದ ಸುಮಾರು ಏಳು ನಿಮಿಷ. 179ರಲ್ಲಿ ಏಳು ಅಂದರೆ ನೂರಕ್ಕೆ ನಾಲ್ಕು. ಉತ್ಸವದ ವರದಿಗಳಲ್ಲಿ ಅದನ್ನು ಇನ್ನೂ ಉದ್ದ ಮಾಡಿ ಬರೆದದ್ದೂ ಇದೆ. ದಿನಕ್ಕೆ ನಾಲ್ಕು ಸಿನಿಮಾ ನೋಡಿ, ರಾತ್ರಿಯೇ ವರದಿ ಕಳಿಸುವ ಉತ್ಸವದ ಕಟ್ಟುಪಾಡಿನಲ್ಲಿ ವಿಮರ್ಶಕರು ನೆನಪನ್ನೇ ನೆಚ್ಚಬೇಕು. ತಲೆಯಲ್ಲಿ ಉಳಿದ ದೃಶ್ಯ ಹಿಗ್ಗುತ್ತದೆ, ಶಾಂತವಾದ ಎಂಟು ಹತ್ತು ದೃಶ್ಯಗಳು ಕುಗ್ಗುತ್ತವೆ. ಉತ್ಸವದ ವಿಮರ್ಶೆಯನ್ನು ಬಿಡುಗಡೆಯ ಹೊತ್ತಿನ ವಿಮರ್ಶೆಯ ಪಕ್ಕ ಇಟ್ಟು ಓದಬೇಕು ಅನ್ನುವುದು ಇದಕ್ಕೇ.

ಎರಡನೆಯ ಜಗಳ, ದುಡಿಮೆಯದು. ಕಾನ್‌ನಲ್ಲಿ ಚಿತ್ರದ ಮೊದಲ ಪ್ರದರ್ಶನ ನಡೆದ ಮೇ 23ರಂದೇ ಸ್ಪಿಯಾಕ್ ಸೆಜೆತೆ ಎಂಬ ತಂತ್ರಜ್ಞರ ಸಂಘ ಒಂದು ಹೇಳಿಕೆ ಹೊರಡಿಸಿತು: ಕೆಲಸದ ಹೊತ್ತುಗೊತ್ತಿಗೆ ಲೆಕ್ಕವಿರಲಿಲ್ಲ, ದುಡಿದ ಗಂಟೆಗಳಿಗೆ ಸರಿಯಾದ ಸಂಬಳ ಸಿಗಲಿಲ್ಲ, ಮಾನಸಿಕ ಕಿರುಕುಳದಂಥ ವಾತಾವರಣವಿತ್ತು. ಎರಡೂವರೆ ತಿಂಗಳಿಗೆ ಅಂದುಕೊಂಡಿದ್ದ ಚಿತ್ರೀಕರಣ ಐದು ತಿಂಗಳಿಗೆ ಎಳೆದಿತ್ತು. ನೂರಾರು ಗಂಟೆಗಳ ದೃಶ್ಯ ತೆಗೆದಿದ್ದರು. ಸೆಪ್ಟೆಂಬರ್ ಮೊದಲ ವಾರ ಅಮೆರಿಕದ ಟೆಲ್ಯುರೈಡ್ ಉತ್ಸವದಲ್ಲಿ ಇಬ್ಬರು ನಟಿಯರೂ ಡೈಲಿ ಬೀಸ್ಟ್ ಪತ್ರಿಕೆಗೆ ಮಾತಾಡಿದರು. ಒಂದು ಪ್ರಣಯ ದೃಶ್ಯಕ್ಕೇ ಹತ್ತು ದಿನ ಹಿಡಿಯಿತು, ಅನುಭವ ಭಯಾನಕವಾಗಿತ್ತು, ಈ ನಿರ್ದೇಶಕರ ಜೊತೆ ಮತ್ತೆ ಕೆಲಸ ಮಾಡುವುದಿಲ್ಲ ಅಂದರು. ಕೆಶೀಶ್ ತೆಲೆರಾಮಾ ಪತ್ರಿಕೆಗೆ, ಚಿತ್ರ ಇಷ್ಟು ಕೊಳೆಯಾದ ಮೇಲೆ ಬಿಡುಗಡೆಯಾಗದಿರುವುದೇ ಲೇಸು ಅಂದುಬಿಟ್ಟರು. ಅಕ್ಟೋಬರಿನಲ್ಲಿ ಸೇದು ಅವರ ವಿರುದ್ಧ ಬಹಿರಂಗ ಪತ್ರವನ್ನೂ ಬರೆದರು. ಇದೆಲ್ಲ ಆಗಿಯೂ ಅಕ್ಟೋಬರ್ 9ಕ್ಕೆ ಚಿತ್ರ ಫ್ರಾನ್ಸಿನಲ್ಲಿ ಬಿಡುಗಡೆಯಾಗಿ ಸುಮಾರು ಹತ್ತು ಲಕ್ಷ ಟಿಕೆಟ್ ಮಾರಿತು.

ವಿಮರ್ಶಕರು ಇಲ್ಲಿ ಎರಡು ಬಗೆಯಾಗಿ ಎಡವಿದರು. ಕೆಲವರು ‘ಸೆಟ್ಟಿನಲ್ಲಿ ನಡೆದದ್ದು ನಮಗೆ ಸಂಬಂಧವಿಲ್ಲ, ಪರದೆ ಮೇಲಿದ್ದಷ್ಟೇ ನಮ್ಮದು’ ಅಂದರು. ಕೆಲವರು ಸೆಟ್ಟಿನ ಸುದ್ದಿಯನ್ನೇ ವಿಮರ್ಶೆಯೆಂದು ಬರೆದರು. ಈ ಚಿತ್ರದ ಮಟ್ಟಿಗೆ ಮೊದಲನೆಯ ವಾದ ನಿಲ್ಲದಿರಲು ಒಂದು ಸ್ಪಷ್ಟ ಕಾರಣವಿದೆ. ಎಲ್ಲರೂ ಹೊಗಳಿದ ‘ಸಹಜತೆ’ ಆಕಾಶದಿಂದ ಬಿದ್ದದ್ದಲ್ಲ. ಒಂದೇ ದೃಶ್ಯವನ್ನು ಹತ್ತಾರು ಸಲ ತೆಗೆದು, ನಟರು ದಣಿದು, ನಟನೆಯ ಚೌಕಟ್ಟು ಕಳಚಿ ಬೀಳುವ ತನಕ ಕಾಯುವುದು ಆ ಸಹಜತೆಯನ್ನು ಪಡೆಯುವ ವಿಧಾನ. ವಿಧಾನವನ್ನು ಮೆಚ್ಚಿ ಬರೆದವರು ಅದರ ಬೆಲೆ ಯಾರು ತೆತ್ತರು ಅಂತಲೂ ಬರೆಯಬೇಕು. ಕಾರ್ಮಿಕ ಸಂಘದ ಹೇಳಿಕೆಯನ್ನು ಆ ಹೊತ್ತಿನಲ್ಲಿ ಹೆಚ್ಚಿನವರು ಗಾಸಿಪ್ಪಿನ ಅಂಕಣಕ್ಕೆ ತಳ್ಳಿದರು. ನಾಲ್ಕು ವರ್ಷದ ನಂತರ, 2017ರ ಕೊನೆಗೆ, ಹಾಲಿವುಡ್‌ನಿಂದ ಶುರುವಾದ ಮೀ ಟೂ ಚಳವಳಿಯಾದ ಮೇಲೆ ಅದೇ ಹೇಳಿಕೆಯನ್ನು ಹೊಸದಾಗಿ ತೆಗೆದು ಓದಿದರು. ಅದರಲ್ಲಿದ್ದ ಸಂಗತಿ ಮೊದಲೂ ಅಷ್ಟೇ ನಿಜವಾಗಿತ್ತು. ಇದೇ ನಿರ್ದೇಶಕರ ‘ಮೆಕ್ತೂಬ್, ಮೈ ಲವ್: ಇಂಟರ್‌ಮೆಝೋ’ 2019ರಲ್ಲಿ ಕಾನ್‌ಗೆ ಬಂದು ದೊಡ್ಡ ರಗಳೆಯಾದಾಗ, 2013ರ ಚಿತ್ರದ ಮೇಲೂ ಹಿಂದಿನಿಂದ ನೆರಳು ಬಿತ್ತು. ಈ ಹಿನ್ನೋಟದ ವಿಮರ್ಶೆ ನ್ಯಾಯವೇ, ಆದರೆ ಓದುವಾಗ ಬರಹದ ಕೆಳಗಿನ ತಾರೀಕು ನೋಡಿ. 2013ರ ಲೇಖನಕ್ಕೂ 2019ರ ಲೇಖನಕ್ಕೂ ಎದುರಿಗಿದ್ದ ಸಿನಿಮಾ ಒಂದೇ ಆದರೂ ತಿಳಿದಿದ್ದ ಸಂಗತಿಗಳು ಬೇರೆ.

ಮೂರನೆಯದನ್ನು ಬೇಗ ಮುಗಿಸುತ್ತೇನೆ. ಫ್ರಾನ್ಸಿನಲ್ಲಿ ಚಿತ್ರ ಬಿಡುಗಡೆಗೆ ಸಂಸ್ಕೃತಿ ಸಚಿವರು ಪರವಾನಗಿ ಕೊಡಬೇಕು. ಈ ಚಿತ್ರಕ್ಕೆ 12 ವರ್ಷದೊಳಗಿನವರಿಗೆ ನಿಷೇಧ, ಜೊತೆಗೆ ಒಂದು ಎಚ್ಚರಿಕೆ, ಇಷ್ಟೇ ಷರತ್ತು. ಬ್ರಿಟನ್ 18 ಅಂದಿತು. ಅಮೆರಿಕ ತನ್ನ ಅತ್ಯಂತ ಕಟ್ಟುನಿಟ್ಟಾದ ಎನ್‌ಸಿ–17 ಕೊಟ್ಟಿತು, ಅಂದರೆ 17 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಪ್ರವೇಶವಿಲ್ಲ. ನ್ಯೂಯಾರ್ಕಿನ ಐಎಫ್‌ಸಿ ಸೆಂಟರ್ ಅದನ್ನು ಲೆಕ್ಕಿಸದೆ ಹೈಸ್ಕೂಲು ವಯಸ್ಸಿನವರನ್ನು ಒಳಗೆ ಬಿಡುವುದಾಗಿ ಹೇಳಿತು. ಪ್ರೊಮುವಾರ್ ಎಂಬ ಸಂಪ್ರದಾಯವಾದಿ ಕ್ಯಾಥೊಲಿಕ್ ಸಂಘ ಫ್ರೆಂಚ್ ಪರವಾನಗಿಯ ವಿರುದ್ಧ ದಾವೆ ಹೂಡಿತು. 2015ರ ಡಿಸೆಂಬರ್ 8ರಂದು ಪ್ಯಾರಿಸ್ಸಿನ ಆಡಳಿತಾತ್ಮಕ ಮೇಲ್ಮನವಿ ನ್ಯಾಯಾಲಯ ಪರವಾನಗಿಯನ್ನೇ ರದ್ದು ಮಾಡಿತು. ನಿರ್ದೇಶಕರೇ ಈ ತೀರ್ಪನ್ನು ಸ್ವಾಗತಿಸಿದರು. 12 ವರ್ಷದ ಮಕ್ಕಳು ನೋಡುವ ಚಿತ್ರ ಅಂತ ತಾನೆಂದೂ ಅಂದುಕೊಂಡಿರಲಿಲ್ಲ ಅಂದರು. 2016ರ ಸೆಪ್ಟೆಂಬರ್ 28ಕ್ಕೆ ಅಲ್ಲಿನ ಅತ್ಯುನ್ನತ ಆಡಳಿತಾತ್ಮಕ ನ್ಯಾಯಾಲಯ ‘ಕೊನ್ಸೇಯ್ ದೇತಾ’ ಈ ತೀರ್ಪನ್ನು ತಳ್ಳಿಹಾಕಿತು. ಅದು ಕೊಟ್ಟ ಕಾರಣ ಓದುವಂತಿದೆ: ದೃಶ್ಯಗಳು ವಾಸ್ತವದಂತೆ ಕಂಡರೂ ನಟಿಸಿದವು, ಅವುಗಳಲ್ಲಿ ಹಿಂಸೆಯಿಲ್ಲ, ಕೀಳಾಗಿ ತೋರಿಸುವ ಉದ್ದೇಶವಿಲ್ಲ, ಮೂರು ಗಂಟೆಯ ಕಥನದಲ್ಲಿ ಅವು ಹೊಂದಿಕೊಂಡಿವೆ. ಪತ್ರಿಕಾ ವಿಮರ್ಶಕರು ಮೂರು ವರ್ಷ ಒಪ್ಪದ ಅಂಶದ ಮೇಲೆ, ಅಂದರೆ ದೃಶ್ಯ ಕಥೆಗೆ ಹೊಂದುತ್ತದೋ ಇಲ್ಲವೋ ಎಂಬುದರ ಮೇಲೆ, ನ್ಯಾಯಾಧೀಶರು ವಿಮರ್ಶೆ ಬರೆದರು. ಕಾನೂನಿನ ಪ್ರಶ್ನೆಗೆ ಅದು ಸರಿಯಾದ ಉತ್ತರ. ಕಲೆಯ ಪ್ರಶ್ನೆ ಅದರಿಂದ ಇತ್ಯರ್ಥವಾಗುವುದಿಲ್ಲ.

ಈಗ ಪಕ್ಕಕ್ಕೆ ಸರಿದ ವಿಷಯಕ್ಕೆ ಬರೋಣ. ಎರಡು ಊಟದ ದೃಶ್ಯಗಳನ್ನು ಒಟ್ಟಿಗೆ ಇಟ್ಟು ನೋಡಿ. ಎಮ್ಮಾಳ ಮನೆಯಲ್ಲಿ ಬಿಳಿ ವೈನ್ ಜೊತೆ ಹಸಿ ಸಿಂಪಿ, ಅಂದರೆ ಆಯ್‌ಸ್ಟರ್. ಮಗಳ ಪ್ರೇಮ ಅಲ್ಲಿ ಗುಟ್ಟಲ್ಲ. ಸಿಂಪಿ ತಿನ್ನಲು ಬಾರದ ಅದೆಲ್‌ಗೆ ಅವರು ನಯವಾಗಿ ಹೇಳಿಕೊಡುತ್ತಾರೆ. ಮುಂದೆ ಏನು ಮಾಡುತ್ತೀ ಅಂತ ಕೇಳುತ್ತಾರೆ. ಟೀಚರ್ ಆಗುತ್ತೇನೆ ಅಂದಾಗ ಆ ಮೇಜಿನ ಸುತ್ತ ಒಂದು ಸಣ್ಣ ತಣ್ಣಗಿನ ಗಳಿಗೆ ಹಾದುಹೋಗುತ್ತದೆ. ಅದೆಲ್‌ಳ ಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ಸ್ಪಗೆಟ್ಟಿ, ಟೊಮೇಟೊ ಸಾಸ್. ಎಮ್ಮಾ ಚಿತ್ರ ಬರೆಯುತ್ತಾಳೆಂದು ತಿಳಿದ ಅಪ್ಪನಿಗೆ ಅವಳ ಹೊಟ್ಟೆಪಾಡಿನದೇ ಚಿಂತೆ. ಆ ಪ್ರಶ್ನೆಯಲ್ಲಿ ಕುಹಕವಿಲ್ಲ. ದುಡಿದು ತಿನ್ನುವ ಮನೆಯ ಪ್ರಶ್ನೆ ಅದು. ಒಂದು ಮನೆಯಲ್ಲಿ ಪ್ರೇಮವನ್ನು ಮುಚ್ಚಿಡಬೇಕು, ಇನ್ನೊಂದು ಮನೆಯಲ್ಲಿ ಕಸುಬಿನ ಬಗ್ಗೆ ಸಂಕೋಚಪಡಬೇಕು. ಎರಡೂ ಕಡೆ ಸಂಕಟ ಅನುಭವಿಸುವವಳು ಅದೆಲ್ ಒಬ್ಬಳೇ.

ಆಮೇಲೆ ತೋಟದ ಪಾರ್ಟಿ. ಅಡುಗೆ ಅದೆಲ್‌ಳದು, ಬಡಿಸುವವಳೂ ಅವಳೇ, ತಟ್ಟೆ ತೊಳೆಯುವವಳೂ ಅವಳೇ. ಮಾಡಿದ್ದು ಅದೇ ಸ್ಪಗೆಟ್ಟಿ, ಅಪ್ಪನ ಮನೆಯದು. ಎಮ್ಮಾಳ ಗೆಳೆಯರು ಚಿತ್ರಕಾರರಲ್ಲಿ ಕ್ಲಿಮ್ಟ್ ದೊಡ್ಡವನೋ ಶೀಲೆ ದೊಡ್ಡವನೋ ಅಂತ ವಾದ ಮಾಡುತ್ತಿದ್ದಾರೆ. ಹಿಂದೆ ಪರದೆಯ ಮೇಲೆ ಪಾಬ್ಸ್ಟ್‌ನ ಹಳೆಯ ಮೂಕಿಚಿತ್ರ, ಲೂಯಿಸ್ ಬ್ರೂಕ್ಸ್‌ಳ ಮುಖ. ಎಲ್ಲರೂ ತಿಂದು ಹೊಗಳುತ್ತಾರೆ, ಅವಳ ಜೊತೆ ಮಾತಿಗೆ ಕೂರುವವರು ಕಡಿಮೆ. ನೀನೂ ಏನಾದರೂ ಬರೆಯಬಾರದೇ ಅಂತ ಎಮ್ಮಾ ಕೇಳುವುದು, ನನಗೆ ಹೀಗೇ ಸುಖ ಅಂತ ಅದೆಲ್ ಅನ್ನುವುದು, ಈ ಸಂಬಂಧ ಮುರಿಯಲು ಶುರುವಾಗುವುದು ಅಲ್ಲಿ. ವಂಚನೆ, ಕೂಗಾಟ, ಮನೆಯಿಂದ ಹೊರಹಾಕುವುದು ಆಮೇಲೆ ಬರುತ್ತವೆ. ಎಮ್ಮಾಳಿಗೆ ಅದೆಲ್ ಮಾದರಿಯಾಗಿ ಬೇಕು, ಸಂಗಾತಿಯಾಗಿ ಅವಳು ಆ ಗೆಳೆಯರ ನಡುವೆ ಸಾಲುವುದಿಲ್ಲ.

ಕೆಶೀಶರ ಹಿಂದಿನ ಚಿತ್ರಗಳನ್ನು ಬಲ್ಲವರಿಗೆ ಇದು ಹೊಸದಲ್ಲ. 2003ರ ‘ಲೆಸ್ಕೀವ್’ನಲ್ಲಿ ಪ್ಯಾರಿಸ್ ಹೊರವಲಯದ ಬಡ ಬಡಾವಣೆಯ ಮಕ್ಕಳು ಮಾರಿವೋನ ಹದಿನೆಂಟನೆಯ ಶತಮಾನದ ನಾಟಕ ಆಡಲು ಒದ್ದಾಡುತ್ತಾರೆ. 2007ರ ‘ಲಾ ಗ್ರೆನ್ ಎ ಲೆ ಮ್ಯೂಲೆ’ಯಲ್ಲಿ ಹಡಗುಕಟ್ಟೆಯ ವಲಸೆ ಕಾರ್ಮಿಕನೊಬ್ಬ ಕುಸ್‌ಕುಸ್ ಹೋಟೆಲು ತೆರೆಯಲು ಹೊರಡುತ್ತಾನೆ. ಎರಡಕ್ಕೂ ಫ್ರಾನ್ಸಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಾದ ಸೆಸಾರ್, ಶ್ರೇಷ್ಠ ಚಿತ್ರದ್ದು, ಬಂದಿತ್ತು. ಟ್ಯೂನಿಸ್‌ನಲ್ಲಿ ಹುಟ್ಟಿ ನೀಸ್‌ನಲ್ಲಿ ಬೆಳೆದ ಈ ನಿರ್ದೇಶಕನಿಗೆ ಊಟ ಮತ್ತು ಪಾಠ, ಫ್ರೆಂಚ್ ಸಮಾಜದ ಒಳಗೆ ಯಾರಿಗೆ ಪ್ರವೇಶವಿದೆ ಎಂದು ತೋರಿಸುವ ಎರಡು ಬಾಗಿಲುಗಳು. ‘ಲಾ ವೀ ದಾದೆಲ್’ ಕೂಡ ತರಗತಿಯಲ್ಲಿ ಮಾರಿವೋ ಓದುವುದರಿಂದ ಶುರುವಾಗಿ, ಅದೆಲ್ ತಾನೇ ಮಕ್ಕಳಿಗೆ ಓದು ಹೇಳಿಕೊಡುವಲ್ಲಿಗೆ ಬರುತ್ತದೆ. ಫ್ರೆಂಚ್ ವಿಮರ್ಶಕರು ಈ ಎಳೆಯನ್ನು ಇಂಗ್ಲಿಷ್ ವಿಮರ್ಶಕರಿಗಿಂತ ಚೆನ್ನಾಗಿ ಹಿಡಿದರು, ಹಿಂದಿನ ಚಿತ್ರಗಳ ಪರಿಚಯವಿದ್ದದ್ದರಿಂದ. ಹೊರಗೆ ಮೊದಲ ಸಲ ಕೆಶೀಶರನ್ನು ನೋಡಿದವರಿಗೆ ಈ ಹಿನ್ನೆಲೆ ಇರಲಿಲ್ಲ, ಅವರ ಬರಹ ಏಳು ನಿಮಿಷದ ಸುತ್ತಲೇ ಸುತ್ತಿತು. ಇಲ್ಲಿ ಸಲಿಂಗ ಪ್ರೇಮವನ್ನೂ ವರ್ಗವನ್ನೂ ಬೇರ್ಪಡಿಸಲು ಬರುವುದಿಲ್ಲ: ತನ್ನ ಪ್ರೇಮವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಎಮ್ಮಾಳಿಗೆ ಇರುವುದು ಆ ಸಿಂಪಿಯ ಮೇಜಿನಿಂದಲೇ. ಈ ಒಂದು ಸಂಗತಿಯನ್ನು ಹಿಡಿದು ಬರೆದ ವಿಮರ್ಶೆ ನೋಟದ ಪ್ರಶ್ನೆಗೂ ಸಾರ್ವತ್ರಿಕತೆಯ ಮಾತಿಗೂ ಒಟ್ಟಿಗೆ ಉತ್ತರ ಕೊಡುತ್ತಿತ್ತು.

ಹೋಲಿಕೆಗೆ ಆಂದ್ರೆ ತೆಶಿನೆಯವರ 1994ರ ‘ಲೆ ರೋಸೋ ಸೋವಾಜ್’ ನೆನಪಿಸಿಕೊಳ್ಳಿ. 1962ರ ನೈಋತ್ಯ ಫ್ರಾನ್ಸ್, ಅಲ್ಜೀರಿಯ ಯುದ್ಧದ ಕೊನೆಯ ದಿನಗಳು, ವಸತಿಶಾಲೆಯ ಹುಡುಗನೊಬ್ಬ ಜೊತೆಯ ಹುಡುಗನಿಗೆ ಮನಸೋಲುತ್ತಾನೆ. ಆರ್ತೆ ದೂರದರ್ಶನದ ಸರಣಿಗಾಗಿ ಹುಟ್ಟಿದ ಚಿತ್ರ. ಶ್ರೇಷ್ಠ ಚಿತ್ರ, ನಿರ್ದೇಶನ, ಚಿತ್ರಕಥೆ ಸೇರಿ ನಾಲ್ಕು ಸೆಸಾರ್ ಗೆದ್ದಿತು. ಅಲ್ಲಿ ವಿಮರ್ಶಕರು ಯುದ್ಧವನ್ನೂ ಪ್ರೇಮವನ್ನೂ ಒಟ್ಟಿಗೆ ಓದಿದರು, ಯಾಕೆಂದರೆ ಚಿತ್ರ ಒಂದನ್ನು ಬಿಟ್ಟು ಒಂದನ್ನು ನೋಡಲು ಬಿಡುವುದಿಲ್ಲ.

2014ರ ಸೆಸಾರ್‌ನಲ್ಲಿ ‘ಲಾ ವೀ ದಾದೆಲ್’ಗೆ ಎಂಟು ನಾಮನಿರ್ದೇಶನ, ಗೆದ್ದದ್ದು ಒಂದೇ: ಭರವಸೆಯ ನಟಿ, ಎಕ್ಸಾರ್ಕೋಪುಲೋಸ್. ಶ್ರೇಷ್ಠ ಚಿತ್ರ ಪ್ರಶಸ್ತಿ ಹೋದದ್ದು, ಎಲ್ಲರೂ ಸಲಿಂಗಿ ಅಂದುಕೊಂಡ ಹುಡುಗ ತಾನು ಹಾಗಲ್ಲ ಎಂದು ಕಂಡುಕೊಳ್ಳುವ ಹಾಸ್ಯಚಿತ್ರಕ್ಕೆ. ವಿಮರ್ಶಕರ ಲೂಯಿ ದೆಲ್ಯುಕ್ ಪ್ರಶಸ್ತಿ ಮಾತ್ರ ಕೆಶೀಶರಿಗೆ ಬಂತು. ಆಸ್ಕರಿಗೆ ಫ್ರಾನ್ಸ್ ಈ ಚಿತ್ರವನ್ನು ಕಳಿಸದಿದ್ದುದಕ್ಕೆ ಸಂಚು ಹುಡುಕಿದವರಿದ್ದರು. ಕಾರಣ ಸರಳ, ಸೆಪ್ಟೆಂಬರ್ 30ರೊಳಗೆ ದೇಶದಲ್ಲಿ ಬಿಡುಗಡೆಯಾಗಿರಬೇಕೆಂಬ ನಿಯಮವಿತ್ತು, ಅಕ್ಟೋಬರ್ 9ರ ಬಿಡುಗಡೆ ಆ ಗಡುವಿಗಿಂತ ಒಂಬತ್ತು ದಿನ ತಡವಾಗಿತ್ತು. ಫ್ರಾನ್ಸಿನ ಸಿನಿಮಾ ವಿಮರ್ಶಾ ಪತ್ರಿಕೆ ‘ಕಾಯೇ ದ್ಯು ಸಿನೆಮಾ’ ಆ ವರ್ಷದ ಹತ್ತು ಚಿತ್ರಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ ಕೊಟ್ಟಿತು. ಮೊದಲನೆಯದು ಅಲೇನ್ ಗಿರೋದಿಯ ‘ಲೇನ್‌ಕೊನ್ಯು ದ್ಯು ಲಾಕ್’, ಗಂಡಸರ ನಡುವಿನ ಬಯಕೆಯದೇ ಇನ್ನೊಂದು ಚಿತ್ರ. 2016ರಲ್ಲಿ ಬಿಬಿಸಿ ವಿಮರ್ಶಕರಿಂದ ಮತ ಪಡೆದು ಮಾಡಿದ ಈ ಶತಮಾನದ ನೂರು ಚಿತ್ರಗಳ ಪಟ್ಟಿಯಲ್ಲಿ ‘ಲಾ ವೀ ದಾದೆಲ್’ 45ನೆಯದು. 2019ರಲ್ಲಿ ಸೆಲಿನ್ ಸಿಯಾಮಾ ಅವರ ‘ಪೋರ್ತ್ರೆ ದ ಲ ಜನ್ ಫೀಯ್ ಆಂ ಫ್ಯೂ’ ಕಾನ್‌ಗೆ ಬಂದು, ಚಿತ್ರಕಾರ್ತಿ ಮತ್ತು ಮಾದರಿ ಎಂಬ ಅದೇ ಜೋಡಿಯನ್ನು ಸಮಾನರಾಗಿ ಕೂರಿಸಿದ ಮೇಲೆ, ಹಳೆಯ ಚಿತ್ರವನ್ನು ಅದರ ಪಕ್ಕ ಇಟ್ಟು ಅಳೆಯುವುದು ವಿಮರ್ಶೆಯ ರೂಢಿಯಾಯಿತು.

ಚಿತ್ರ ಸಮಾಜಗಳಲ್ಲಿ ಇದನ್ನು ತೋರಿಸಿ ಚರ್ಚೆ ಇಟ್ಟುಕೊಳ್ಳುವವರು ಕೆಲವು ವಿಷಯ ನೋಡಿಕೊಳ್ಳಿ. ವಯಸ್ಕರಿಗಷ್ಟೇ ತೋರಿಸಿ, ಅದನ್ನು ಪ್ರಕಟಣೆಯಲ್ಲೇ ಹಾಕಿ. ಮೂರು ಗಂಟೆ ಒಂದೇ ಓಟದಲ್ಲಿ ನೋಡಿದ ಪ್ರೇಕ್ಷಕರು ಚರ್ಚೆಗೆ ಉಳಿಯುವುದಿಲ್ಲ. ಶಾಲೆಯ ದಿನಗಳು ಮುಗಿದು ಅದೆಲ್ ಟೀಚರ್ ಆಗಿರುವ ಕಾಲಕ್ಕೆ ಕಥೆ ಜಿಗಿಯುವಲ್ಲಿ ಹದಿನೈದು ನಿಮಿಷ ಬಿಡುವು ಕೊಡಿ. ಮೂಲ ಶೀರ್ಷಿಕೆಯಲ್ಲೇ ‘ಅಧ್ಯಾಯ 1 ಮತ್ತು 2’ ಅಂತ ಇರುವುದರಿಂದ ಕೃತಿಗೆ ಇದರಿಂದ ಗಾಯವಾಗುವುದಿಲ್ಲ. ಮಾರೋ ಅವರ ಪುಸ್ತಕ ಇಂಗ್ಲಿಷಿನಲ್ಲಿ ಸಿಗುತ್ತದೆ. ಪ್ರದರ್ಶನಕ್ಕೆ ಮೊದಲೇ ನಾಲ್ಕಾರು ಮಂದಿಯಾದರೂ ಓದಿ ಬಂದಿರಲಿ. ಚರ್ಚೆಯನ್ನು ಊಟದ ದೃಶ್ಯಗಳಿಂದ ಶುರುಮಾಡಿ, ನೋಟದ ಪ್ರಶ್ನೆಯನ್ನು ಅದರ ನಂತರ ಎತ್ತಿ. ತಿರುಗಿಸಿ ಮಾಡಿದರೆ ಊಟದ ಮಾತಿಗೆ ಸರದಿಯೇ ಬರುವುದಿಲ್ಲ. ಸಂಘದ ಹೇಳಿಕೆ, ನಟಿಯರ ಸಂದರ್ಶನ ಎರಡನ್ನೂ ಬೇರೆ ಹಾಳೆಯಲ್ಲಿ, ತಾರೀಕು ಹಾಕಿ ಹಂಚಿ, ಚಿತ್ರ ನೋಡಿದ ಮೇಲೆ ಹಂಚಿ.